ಹಾಳೆ ತಟ್ಟೆ ಮೆಷಿನ್ ಎಣ್ಣೆ ಬಿಡುತ್ತಿದೆಯೇ? ಸಿಲಿಂಡರ್ ಸೀಲ್ ಬದಲಾಯಿಸುವ ವಿಚಾರ



ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಮದುವೆಗಳ ಕಾಲ. ಘಟ್ಟದ ಬದಿಯ ಒಂದು ಸಂಘದಿಂದ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಸಿಸ್ಟರ್, ಮೆಷಿನ್ ಎಣ್ಣೆ ಬಿಡ್ತಾ ಉಂಟು. ತಟ್ಟೆಗೇ ಬೀಳ್ತದೆ. ಎಂಥ ಮಾಡುದು?"

ಐದು ಸಾವಿರ ತಟ್ಟೆಯ ಆರ್ಡರ್, ಕೈಯಲ್ಲಿದ್ದದ್ದು ಎಂಟು ದಿನ. ನಾನು ಹೋಗಿ ನೋಡುವಾಗ ಮೇಲಿನ ಅಚ್ಚಿನ ಅಂಚಿನಲ್ಲಿ ಎಣ್ಣೆ ಮಣಿಮಣಿಯಾಗಿ ಜೋತುಬಿದ್ದಿತ್ತು. ಒಬ್ಬ ಅಕ್ಕ ಕಲೆ ಬಿದ್ದ ತಟ್ಟೆಯನ್ನು ಬಟ್ಟೆಯಿಂದ ಒರೆಸಿ ಕಟ್ಟಿನ ಮಧ್ಯಕ್ಕೆ ಸೇರಿಸುತ್ತಿದ್ದರು. ಅವರನ್ನು ನಾನು ಬೈಯಲಿಲ್ಲ. ಸಾಲದ ಕಂತು ಕಟ್ಟಬೇಕಾದವರು ಅವರು, ನಾನಲ್ಲ. ಆದರೆ ಆ ದಿನ ಎಲ್ಲರೂ ಕುಳಿತು ಮಾತಾಡಿದೆವು. ಮೆಷಿನ್‌ಗೆ ಹಾಕುವ ಎಣ್ಣೆ ತೆಂಗಿನೆಣ್ಣೆ ಅಲ್ಲ, ಪೆಟ್ರೋಲಿಯಂನಿಂದ ತೆಗೆದದ್ದು. ತೇಯ್ಮಾನ ತಡೆಯಲು, ತುಕ್ಕು ತಡೆಯಲು ಅದರಲ್ಲಿ ಬೇರೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಹಾಳೆ ಅದನ್ನು ಹೀರಿಕೊಳ್ಳುತ್ತದೆ. ಮೇಲಿಂದ ಒರೆಸಿದರೆ ಕಲೆ ಮಾತ್ರ ಹೋಗುತ್ತದೆ, ಎಣ್ಣೆ ಒಳಗೇ ಇರುತ್ತದೆ. ಬಿಸಿ ಸಾರು ಬಡಿಸಿದಾಗ ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕೊನೆಗೆ ಸುಮಾರು ಮುನ್ನೂರು ತಟ್ಟೆ ಬದಿಗೆ ಹಾಕಿದರು. ಒಬ್ಬರಿಗೆ ಅಳುವೇ ಬಂತು.

ಆಮೇಲೆ ನಡೆದದ್ದರಿಂದ ನಾವೆಲ್ಲರೂ, ನಾನೂ ಸೇರಿ, ಸಿಲಿಂಡರ್ ಸೀಲ್ ಅಂದರೆ ಏನು ಅಂತ ಕಲಿತೆವು. ನಮ್ಮ ಹಲವು ಸಂಘಗಳಲ್ಲಿ ಈಗ ಹೈಡ್ರಾಲಿಕ್ ಮೆಷಿನ್ ಇರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೆಷಿನ್ ಬಿಚ್ಚುವುದು ಮೆಕ್ಯಾನಿಕ್ ಕೆಲಸ, ನಮಗೆ ಯಾಕೆ ಅನ್ನಬೇಡಿ. ಬಿಚ್ಚುವವರು ಅವರೇ ಇರಲಿ. ಆದರೆ ಅವರು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ ಅರ್ಥ ಮಾಡಿಕೊಳ್ಳುವವರು ಸಂಘದಲ್ಲಿ ಇಬ್ಬರಾದರೂ ಬೇಕು.

ಮೊದಲು ಮೆಷಿನ್‌ಗೆ ಶಕ್ತಿ ಎಲ್ಲಿಂದ ಬರುತ್ತದೆ ನೋಡೋಣ. ಕೆಳಗಿನ ಟ್ಯಾಂಕ್‌ನಿಂದ ಪಂಪ್ ಎಣ್ಣೆಯನ್ನು ಎಳೆದು, ಪೈಪಿನ ಮೂಲಕ ಸಿಲಿಂಡರ್‌ಗೆ ನೂಕುತ್ತದೆ. ಸಿಲಿಂಡರ್ ಅಂದರೆ ದಪ್ಪ ಗೋಡೆಯ ಕಬ್ಬಿಣದ ಕೊಳವೆ. ಅದರೊಳಗೆ ಪಿಸ್ಟನ್, ಪಿಸ್ಟನ್‌ಗೆ ಜೋಡಿಸಿದ ಹೊಳೆಯುವ ರಾಡ್, ರಾಡ್‌ನ ತುದಿಯಲ್ಲಿ ಮೇಲಿನ ಅಚ್ಚು. ಕೈ ಹಿಡಿಯನ್ನು ಒಂದು ಕಡೆ ಎಳೆದರೆ ಎಣ್ಣೆ ಪಿಸ್ಟನ್‌ನ ಮೇಲೆ ಹೋಗಿ ಅಚ್ಚನ್ನು ಕೆಳಗೆ ಒತ್ತುತ್ತದೆ. ಇನ್ನೊಂದು ಕಡೆ ಎಳೆದರೆ ಪಿಸ್ಟನ್‌ನ ಕೆಳಗೆ ಹೋಗಿ ಮೇಲಕ್ಕೆ ಎತ್ತುತ್ತದೆ. ಸಿಲಿಂಡರ್‌ನ ಒಳ ಅಗಲ 80 ಮಿ.ಮೀ. ಇದ್ದರೆ ಪಿಸ್ಟನ್‌ನ ಮುಖ ಸುಮಾರು 50 ಚದರ ಸೆಂ.ಮೀ. ಗೇಜ್‌ನ ಮುಳ್ಳು 100 ಕೆ.ಜಿ. ತೋರಿಸಿದರೆ, ಪ್ರತಿ ಚದರ ಸೆಂಟಿಮೀಟರ್‌ಗೆ 100 ಕೆ.ಜಿ. ಅಂತ ಅರ್ಥ. ಒಟ್ಟು 5,000 ಕೆ.ಜಿ., ಅಂದರೆ ಐದು ಟನ್ ಭಾರ. ಅದು ಅಚ್ಚಿನ ಮೇಲೆ ಕುಳಿತಂತೆ.

ಇಷ್ಟು ಒತ್ತಡದ ಎಣ್ಣೆ ರಾಡ್‌ನ ಸುತ್ತ ಇರುವ ಸಂದಿಯಿಂದ ಹೊರಗೆ ಬರದ ಹಾಗೆ ತಡೆಯುವುದು ಬೆರಳಗಲದ ಒಂದು ಬಳೆ. ಅದೇ ಸೀಲ್.

ಇದರ ಕಥೆ ಸ್ವಾರಸ್ಯವಾಗಿದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವರು ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದರು. ಲೆಕ್ಕ ಎಲ್ಲ ಸರಿಯಾಗಿತ್ತು, ಆದರೆ ಮೆಷಿನ್ ಸೋರುತ್ತಿತ್ತು. ಸಂದಿ ಬಿಗಿ ಮಾಡಿದರೆ ರಾಡ್ ಓಡುವುದಿಲ್ಲ, ಸಡಿಲ ಬಿಟ್ಟರೆ ನೀರು ಹೊರಗೆ. ಅವರ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲೆ ಎಂಬ ಕೆಲಸಗಾರ ಇದಕ್ಕೆ ದಾರಿ ಕಂಡುಕೊಂಡ ಅಂತ ಹೇಳುತ್ತಾರೆ. ಚರ್ಮದ ಬಳೆಯನ್ನು ಬಟ್ಟಲಿನ ಹಾಗೆ ಮಡಚಿ, ಬಾಯಿಯನ್ನು ಒತ್ತಡ ಬರುವ ಕಡೆಗೆ ಇಟ್ಟ. ಒತ್ತಡ ಬಂದಾಗ ನೀರು ಬಟ್ಟಲಿನ ಒಳಗೆ ನುಗ್ಗಿ ಅದರ ತುಟಿಗಳನ್ನು ಅಗಲಿಸುತ್ತದೆ. ತುಟಿ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಹೆಚ್ಚಾದಷ್ಟೂ ಬಿಗಿ ಹೆಚ್ಚು, ಒತ್ತಡ ಇಳಿದಾಗ ಸಡಿಲ. ಸೋರುವ ನೀರಿನಿಂದಲೇ ಸೋರಿಕೆ ನಿಲ್ಲಿಸಿದ ಹಾಗೆ! ಆ ಕೆಲಸಗಾರನಿಗೆ ವಾರಕ್ಕೆ 30 ಶಿಲ್ಲಿಂಗ್ ಸಂಬಳ ಇತ್ತಂತೆ. ಹೆಚ್ಚು ಕೇಳಿದಾಗ ಯಜಮಾನರು ಕೊಡಲಿಲ್ಲ. 1797ರಲ್ಲಿ ಆತ ಬಿಟ್ಟುಹೋಗಿ ಸ್ವಂತ ಅಂಗಡಿ ಹಾಕಿ ಬಹಳ ಹೆಸರು ಮಾಡಿದ.

ನಿಮಗೆ ಇದು ಹೊಸದಲ್ಲ. ಬೋರ್‌ವೆಲ್ ಹ್ಯಾಂಡ್ ಪಂಪಿನ ಒಳಗಿನ ಬಟ್ಟಲು ವಾಷರ್ ನೋಡಿದ್ದೀರಲ್ಲ, ಸೈಕಲ್ ಪಂಪಿನ ಚರ್ಮದ ವಾಷರ್ ನೋಡಿದ್ದೀರಲ್ಲ, ಅದೇ ಉಪಾಯ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಮೂಲಕ ಹಳ್ಳಿಯ ಹೆಂಗಸರು, ಹೆಚ್ಚಿನವರು ಶಾಲೆಗೇ ಹೋಗದವರು, ಹ್ಯಾಂಡ್ ಪಂಪ್ ರಿಪೇರಿ ಕಲಿತರು. ನಮ್ಮ ಮೆಷಿನ್‌ನಲ್ಲಿ ಚರ್ಮದ ಬದಲು ನೈಟ್ರೈಲ್ ರಬ್ಬರ್ ಅಥವಾ ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತು ಇರುತ್ತದೆ, ಅಷ್ಟೇ ವ್ಯತ್ಯಾಸ.

ಸಿಲಿಂಡರ್‌ನ ಬಾಯಿಯಲ್ಲಿ ರಾಡ್ ಹೊರಗೆ ಬರುವ ಜಾಗಕ್ಕೆ ಗ್ಲ್ಯಾಂಡ್ ಅನ್ನುತ್ತಾರೆ. ಅದರ ಒಳಗೆ ಕೊರೆದ ಸಾಲುಗಳಲ್ಲಿ ರಾಡ್ ಸೀಲ್ ಇರುತ್ತದೆ, ಎಣ್ಣೆ ತಡೆಯುವುದು ಅದು. ಅದರ ಹೊರಗೆ ವೈಪರ್, ಕೆಲವರು ಡಸ್ಟ್ ಸೀಲ್ ಅನ್ನುತ್ತಾರೆ. ಅದರ ಕೆಲಸ ಎಣ್ಣೆ ತಡೆಯುವುದಲ್ಲ, ರಾಡ್ ಒಳಗೆ ಹೋಗುವಾಗ ಧೂಳು, ಹಾಳೆಯ ನಾರು ಒರೆಸುವುದು. ರಾಡ್ ಆಚೆ ಈಚೆ ವಾಲದಂತೆ ಗೈಡ್ ರಿಂಗ್. ಗ್ಲ್ಯಾಂಡ್ ಮತ್ತು ಕೊಳವೆಯ ನಡುವೆ ಓ ರಿಂಗ್. ಒಳಗೆ ಪಿಸ್ಟನ್‌ನ ಮೇಲೆ ಬೇರೆ ಸೀಲ್. ಇವೆಲ್ಲ ಸೇರಿದ ಪೊಟ್ಟಣಕ್ಕೆ ಸೀಲ್ ಕಿಟ್ ಎಂದು ಹೆಸರು. ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಹೊಸ ಸಿಲಿಂಡರ್ ಆದರೆ ಸಾವಿರಗಟ್ಟಲೆ.

ಈಗ ನಮ್ಮ ಸಂಘದ ಕಥೆಗೆ ಬರೋಣ. ಮೊದಲು ಬಂದ ಮೆಕ್ಯಾನಿಕ್ ಅರ್ಧ ದಿನದಲ್ಲಿ ಸೀಲ್ ಬದಲಾಯಿಸಿ, ದುಡ್ಡು ತೆಗೆದುಕೊಂಡು ಹೋದರು. ಸಂಜೆಗೆ ಮತ್ತೆ ಎಣ್ಣೆ, ಮೊದಲಿಗಿಂತ ಜಾಸ್ತಿ. ಫೋನ್ ಮಾಡಿದರೆ, "ಸಿಲಿಂಡರೇ ಹೋಗಿದೆ, ಹೊಸತು ಹಾಕಬೇಕು" ಅಂದರು. ಉಳಿತಾಯದ ಹಣ ತೆಗೆಯುವ ಠರಾವು ಕೂಡ ಬರೆದಾಗಿತ್ತು. ಅಷ್ಟರಲ್ಲಿ ಒಬ್ಬ ಸದಸ್ಯೆಯ ತಮ್ಮ, ಮಂಗಳೂರಿನ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುವವರು, ಭಾನುವಾರ ಊರಿಗೆ ಬಂದಿದ್ದರು. ಫೋರ್ಕ್‌ಲಿಫ್ಟ್ ಅಂದರೆ ಮುಂದೆ ಎರಡು ಕಬ್ಬಿಣದ ನಾಲಗೆ ಇಟ್ಟುಕೊಂಡು ಮೂಟೆ, ಪೆಟ್ಟಿಗೆ ಎತ್ತುವ ಗಾಡಿ. ಅದು ತಿರುಗುವುದು ಹಿಂದಿನ ಚಕ್ರದಿಂದ. ಆ ಚಕ್ರಗಳನ್ನು ತಿರುಗಿಸಲು ಹಿಂದಿನ ಆಕ್ಸಲ್‌ನಲ್ಲಿ ಅಡ್ಡಲಾಗಿ ಒಂದು ಸಿಲಿಂಡರ್ ಇರುತ್ತದೆ. ಅದರ ರಾಡ್ ಎರಡೂ ಕಡೆಯಿಂದ ಹೊರಗೆ ಬರುತ್ತದೆ, ಆದ್ದರಿಂದ ಎರಡು ಗ್ಲ್ಯಾಂಡ್. ನೆಲಕ್ಕೆ ಹತ್ತಿರ ಇರುವ ಕಾರಣ ಧೂಳು, ಕೆಸರು ಎಲ್ಲ ಮೆತ್ತಿಕೊಂಡು ಸೀಲ್ ಬೇಗ ಹೋಗುತ್ತದಂತೆ. "ಅಲ್ಲಿ ಸೀಲ್ ಸೋರಿ ಎಣ್ಣೆ ಖಾಲಿಯಾದರೆ ಸ್ಟಿಯರಿಂಗ್ ಸರಿಯಾಗಿ ತಿರುಗುವುದಿಲ್ಲ ಸಿಸ್ಟರ್, ಒಂದು ಟನ್ ಮಾಲು ಎತ್ತಿಕೊಂಡಾಗ ಹಾಗಾದರೆ ಎದುರಿಗಿದ್ದವರ ಗತಿ ಎಂಥದು? ಹಾಗಾಗಿ ನಾವು ಒಂದು ಕಡೆ ಸೋರಿದರೂ ಎರಡೂ ಕಡೆಯದ್ದು ಹಾಕಿಬಿಡ್ತೇವೆ" ಅಂದರು.

ಅವರು ನಮ್ಮ ಗ್ಲ್ಯಾಂಡ್ ಬಿಚ್ಚಿ ನೋಡಿದ್ದೇ ನಕ್ಕರು. ಹೊಸ ಸೀಲ್ ತಲೆಕೆಳಗಾಗಿತ್ತು. ಬಟ್ಟಲಿನ ಬಾಯಿ ಎಣ್ಣೆಯ ಕಡೆಗೆ ಇರುವ ಬದಲು ಹೊರಗಡೆಗೆ ತಿರುಗಿತ್ತು. ಮಗುಚಿಟ್ಟ ಬಟ್ಟಲಿನಲ್ಲಿ ಸಾರು ನಿಲ್ಲುತ್ತದೆಯೇ? ಒತ್ತಡ ಬಂದಾಗ ತುಟಿ ಅಗಲಿಸುವ ಬದಲು ಮಡಚಿಕೊಂಡು ದಾರಿ ಬಿಟ್ಟಿತ್ತು. ಸಿಲಿಂಡರ್‌ಗೆ ಏನೂ ಆಗಿರಲಿಲ್ಲ. ಆದ್ದರಿಂದ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ರಾಡ್ ಸೀಲ್‌ನ ಬಾಯಿ ಎಣ್ಣೆಯ ಕಡೆಗೆ, ವೈಪರ್‌ನ ತುಟಿ ಹೊರಗೆ ಧೂಳಿನ ಕಡೆಗೆ.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮೊದಲ ಮೆಕ್ಯಾನಿಕ್ ತೆಗೆದು ಬಿಸಾಡಿದ ಹಳೆ ಸೀಲ್ ಎಲ್ಲಿ ಅಂತ ಕೇಳಿದರು. ಪುಣ್ಯಕ್ಕೆ ಕಸದ ಬುಟ್ಟಿಯಲ್ಲಿತ್ತು. ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯಿತು. "ಇದು ಸವೆದದ್ದಲ್ಲ, ಬೆಂದದ್ದು" ಅಂದರು. ಅಚ್ಚುಗಳು ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಕೆಲಸ ಮಾಡುತ್ತವೆ. ಆ ಬಿಸಿ ರಾಡ್ ಹತ್ತಿ ಸೀಲ್‌ಗೆ ಹೋಗದಂತೆ ಅಚ್ಚು ಮತ್ತು ರಾಡ್ ನಡುವೆ ಶಾಖ ತಡೆಯುವ ದಪ್ಪ ಶೀಟ್ ಇರಬೇಕು. ನಮ್ಮ ಮೆಷಿನ್‌ನಲ್ಲಿ ಅದು ಒಡೆದು ಯಾವಾಗಲೋ ಬಿದ್ದುಹೋಗಿತ್ತು. ಅಚ್ಚು ಬದಲಾಯಿಸಿದಾಗ ಯಾರೂ ವಾಪಸ್ ಹಾಕಿರಲಿಲ್ಲ. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿವರೆಗೆ ತಡೆದೀತು, ಅದರ ಮೇಲೆ ದಿನವಿಡೀ ಕಾದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಶೀಟ್ ಹಾಕದೆ ಸೀಲ್ ಎಷ್ಟು ಸಲ ಬದಲಾಯಿಸಿದರೂ ಅದೇ ಕಥೆ. ವಿಟಾನ್ ಎಂಬ ಇನ್ನೂ ಹೆಚ್ಚು ಬಿಸಿ ತಡೆಯುವ ರಬ್ಬರ್ ಇದೆ, ಬೆಲೆ ಜಾಸ್ತಿ. ಶೀಟ್ ಸರಿ ಇದ್ದರೆ ಅದು ಬೇಕಾಗುವುದಿಲ್ಲ.

ಹಳೆ ಸೀಲ್ ಹೀಗೆ ಮಾತಾಡುತ್ತದೆ. ಒಡೆದು ಗಟ್ಟಿಯಾಗಿದ್ದರೆ ಬಿಸಿ ಕಾರಣ. ಮೆತ್ತಗಾಗಿ ಉಬ್ಬಿದ್ದರೆ ಬೇರೆ ಜಾತಿಯ ಎಣ್ಣೆ ಸೇರಿದೆ. ಎಣ್ಣೆ ಕಡಿಮೆಯಾಯಿತು ಅಂತ ಯಾರೋ ಬೈಕಿನ ಬ್ರೇಕ್ ಆಯಿಲ್ ಸುರಿದಿರಬಹುದು, ನೈಟ್ರೈಲ್ ಅದರಲ್ಲಿ ಉಬ್ಬುತ್ತದೆ. ಒಂದೇ ಬದಿ ಸವೆದಿದ್ದರೆ ಅಚ್ಚು ನೇರ ಕೂತಿಲ್ಲ, ರಾಡ್ ವಾಲಿಕೊಂಡು ಓಡುತ್ತಿದೆ. ಉದ್ದಕ್ಕೆ ಗೀರು ಇದ್ದರೆ ರಾಡ್ ಮೇಲೆ ಗೀರು ಇದೆ ಅಥವಾ ಎಣ್ಣೆಯಲ್ಲಿ ಕಸ ಇದೆ. ಅದಕ್ಕೇ ಹೇಳುವುದು, ಹಳೆಯದನ್ನು ಬಿಸಾಡಬೇಡಿ.

ಸೋರಿಕೆ ಯಾವುದು ಅಂತ ಗುರುತಿಸುವುದು ಕಷ್ಟವಿಲ್ಲ. ರಾಡ್ ಮತ್ತು ಗ್ಲ್ಯಾಂಡ್ ಚೆನ್ನಾಗಿ ಒರೆಸಿ, ಅಚ್ಚನ್ನು ಹತ್ತು ಸಲ ಮೇಲೆ ಕೆಳಗೆ ಓಡಿಸಿ, ದೂರದಿಂದ ನೋಡಿ. ರಾಡ್ ಮೇಲೆ ತೆಳುವಾದ ಎಣ್ಣೆಯ ಹೊಳಪು ಇರಬಹುದು, ಅದು ರೋಗವಲ್ಲ. ಹನಿ ಕಟ್ಟಿದರೆ ಮಾತ್ರ ರಾಡ್ ಸೀಲ್ ಹೋಗಿದೆ. ಎತ್ತುವಾಗ ಒತ್ತಡ ರಾಡ್ ಇರುವ ಕಡೆಗೆ ಬರುವುದರಿಂದ ಆಗಲೇ ಹೆಚ್ಚು ಸೋರುತ್ತದೆ. ಹೊರಗೆ ಒಂದು ಹನಿಯೂ ಇಲ್ಲ, ಆದರೆ ಒತ್ತುವ ಬಲ ಸಾಲದೆ ತಟ್ಟೆಯ ಅಂಚು ಸರಿಯಾಗಿ ಬರುವುದಿಲ್ಲ ಎಂದಾದರೆ ಒಳಗಿನ ಪಿಸ್ಟನ್ ಸೀಲ್ ಇರಬಹುದು. ಪಂಪ್ ಅಥವಾ ವಾಲ್ವ್ ಕೂಡ ಇರಬಹುದು, ಅದನ್ನು ಮೆಕ್ಯಾನಿಕ್ ಪರೀಕ್ಷಿಸಬೇಕು. ಮೇಲೆ ಎತ್ತಿಟ್ಟ ಅಚ್ಚು ತಾನಾಗಿ ಮೆಲ್ಲ ಮೆಲ್ಲ ಇಳಿಯುತ್ತಿದ್ದರೆ ಮಾತ್ರ ಒಂದು ಕ್ಷಣವೂ ಕೆಲಸ ಮುಂದುವರಿಸಬೇಡಿ. ಹಾಳೆ ಇಡುವ ಕೈ ಅದರ ಕೆಳಗೇ ಇರುತ್ತದೆ.

ಸಣ್ಣ ಹನಿ ತಾನೇ ಅಂತ ಬಿಡುವವರಿಗೆ ಒಂದು ಲೆಕ್ಕ. ಐದು ಸೆಕೆಂಡಿಗೆ ಒಂದು ಹನಿ, ಇಪ್ಪತ್ತು ಹನಿಗೆ ಒಂದು ಮಿ.ಲೀ. ಅಂತ ಇಟ್ಟುಕೊಂಡರೆ ಗಂಟೆಗೆ 36 ಮಿ.ಲೀ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಓಡಿಸಿದರೆ ಏಳು ಲೀಟರ್ ದಾಟುತ್ತದೆ! ಟ್ಯಾಂಕ್‌ನಲ್ಲಿ ಎಣ್ಣೆ ಇಳಿದರೆ ಪಂಪ್ ಗಾಳಿ ಎಳೆಯುತ್ತದೆ, ಕಿರುಚುತ್ತದೆ, ಅದೂ ಹಾಳಾಗುತ್ತದೆ.

ಇನ್ನು ಬಿಚ್ಚುವ ಕ್ರಮ. ಅಚ್ಚು ಪೂರ್ತಿ ತಣ್ಣಗಾಗಲಿ. ಎರಡು ಅಚ್ಚುಗಳ ನಡುವೆ ಗಟ್ಟಿ ಮರದ ತುಂಡು ಇಟ್ಟು, ಮೇಲಿನ ಅಚ್ಚನ್ನು ಅದರ ಮೇಲೆ ಇಳಿಸಿ ಕೂರಿಸಿ. ಇದನ್ನು ಬಿಟ್ಟು ಪೈಪ್ ಸಡಿಲಿಸಿದರೆ ಭಾರದ ಅಚ್ಚು ದಡ್ಡನೆ ಬೀಳುತ್ತದೆ. ಆಮೇಲೆ ಮೈನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ತೆಗೆದು ಒಬ್ಬರ ಕೈಯಲ್ಲಿ ಇರಲಿ, ಬೇರೆಯವರು ಗೊತ್ತಿಲ್ಲದೆ ಹಾಕುವುದು ಬೇಡ. ಮೋಟಾರ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಕೈ ಹಿಡಿಯನ್ನು ಎರಡೂ ಕಡೆ ಮೂರು ನಾಲ್ಕು ಸಲ ಎಳೆದು, ಗೇಜ್‌ನ ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೆಷಿನ್ ಓಡುತ್ತಿರುವಾಗ ಎಲ್ಲಿ ಸೋರುತ್ತದೆ ಅಂತ ಬೆರಳಿನಿಂದ ಸವರಿ ನೋಡುವ ಅಭ್ಯಾಸ ನಮ್ಮವರಿಗೆ ಇದೆ. ಪೈಪಿನಲ್ಲಿ ಸೂಜಿ ತೂತು ಇದ್ದರೆ ಆ ಒತ್ತಡದ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ, ನೋವೂ ಮೊದಲಿಗೆ ಹೆಚ್ಚು ಇರುವುದಿಲ್ಲ. ಆದರೆ ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ಬೆರಳು ಅಥವಾ ಕೈಯನ್ನೇ ತೆಗೆಯಬೇಕಾದೀತು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಮನೆಯಲ್ಲಿ ಕೂರಬೇಡಿ. ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ" ಅಂತ ಇದೇ ಮಾತಿನಲ್ಲಿ ಡಾಕ್ಟರಿಗೆ ಹೇಳಿ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿದರೆ ಸಾಕು.

ಪೈಪ್ ಬಿಚ್ಚುವ ಮೊದಲು ಮೇಲಿನದಕ್ಕೆ ಕೆಂಪು ದಾರ, ಕೆಳಗಿನದಕ್ಕೆ ಬಿಳಿ ದಾರ ಕಟ್ಟಿ. ಅದಲು ಬದಲಾದರೆ ಕೈ ಹಿಡಿ ಎಳೆದಾಗ ಅಚ್ಚು ಎತ್ತುವ ಬದಲು ಒತ್ತುತ್ತದೆ. ಬಿಚ್ಚಿದ ಬಾಯಿಗಳನ್ನು ಶುದ್ಧ ಪ್ಲಾಸ್ಟಿಕ್‌ನಿಂದ ಮುಚ್ಚಿ. ಹತ್ತಿ ವೇಸ್ಟ್ ತುರುಕಬೇಡಿ, ಅದರ ಎಳೆ ಒಳಗೆ ಹೋಗಿ ವಾಲ್ವ್‌ಗೆ ಸಿಕ್ಕಿಕೊಳ್ಳುತ್ತದೆ. ಸಿಲಿಂಡರ್ ಇಳಿಸಿ ಶುಚಿಯಾದ ಮೇಜಿನ ಮೇಲೆ ಇಟ್ಟು, ಗ್ಲ್ಯಾಂಡ್ ಬಿಚ್ಚಿ, ರಾಡನ್ನು ನೇರವಾಗಿ ಎಳೆಯಬೇಕು. ರಾಡ್ ಮೇಲೆ ಉಗುರು ಆಡಿಸಿ. ಉಗುರಿಗೆ ತಡೆಯುವಂಥ ಗೀರು ಇದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ, ರಾಡ್‌ಗೆ ಮತ್ತೆ ಹಾರ್ಡ್ ಕ್ರೋಮ್ ಮಾಡಿಸಬೇಕು.

ಹಳೆ ಸೀಲ್‌ಗಳನ್ನು ತೆಗೆದ ಹಾಗೆಯೇ, ಅದೇ ಸಾಲಿನಲ್ಲಿ, ಅದೇ ಮುಖದಲ್ಲಿ ಹಳೆ ಪೇಪರಿನ ಮೇಲೆ ಜೋಡಿಸಿ. ಈಗ ಎಲ್ಲರ ಹತ್ತಿರ ಮೊಬೈಲ್ ಇದೆ, ಒಂದು ಫೋಟೋ ತೆಗೆದುಬಿಡಿ. ಸೀಲ್ ತೆಗೆಯಲು ಸ್ಕ್ರೂ ಡ್ರೈವರ್ ಹಾಕಿದರೆ ಸಾಲು ಗೀರಿ, ಅಲ್ಲಿಂದಲೇ ಸೋರಲು ಶುರುವಾಗುತ್ತದೆ. ಬಿದಿರಿನ ಕಡ್ಡಿ ಚೂಪು ಮಾಡಿಕೊಂಡರೆ ಒಳ್ಳೆಯದು. ಕಬ್ಬಿಣದ ಭಾಗಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒರೆಸಬಹುದು, ಹೊಸ ಸೀಲನ್ನು ಮಾತ್ರ ಅದಕ್ಕೆ ಮುಳುಗಿಸಬೇಡಿ. ಅಂಗಡಿಗೆ ಹೋಗುವಾಗ ಹಳೆ ಸೀಲ್ ಜೊತೆಗೆ ಅಳತೆಯನ್ನೂ ಬರೆದುಕೊಂಡು ಹೋಗಿ. ರಾಡ್‌ನ ಅಗಲ, ಸಾಲಿನ ಹೊರ ಅಗಲ, ಎತ್ತರ, ಮೂರು ಅಂಕೆ. ಹಳೆಯದು ಉಬ್ಬಿಯೋ ಕುಗ್ಗಿಯೋ ಇರುತ್ತದೆ, ಅದೊಂದನ್ನೇ ನಂಬಿ ಕೊಂಡರೆ ತಪ್ಪು ಸೈಜ್ ಬರುತ್ತದೆ.

ಹೊಸ ಸೀಲ್ ಹಾಕುವುದು ಕೈಚಳಕದ ಕೆಲಸ, ಆ ತಮ್ಮ ಮಾಡಿದ್ದನ್ನು ನೋಡುತ್ತಾ ನಿಂತವರೆಲ್ಲ ನಗುತ್ತಿದ್ದರು. ಬಿಸಿನೀರಿನ ಪಾತ್ರೆಯಲ್ಲಿ ಎಣ್ಣೆಯ ಲೋಟ ಇಟ್ಟು, ಅದರಲ್ಲಿ ಸೀಲ್ ಐದು ನಿಮಿಷ ಬಿಟ್ಟರು. ಮೆತ್ತಗಾದ ಮೇಲೆ ಗೇರುಬೀಜದ ಆಕಾರಕ್ಕೆ ಮಡಚಿ ಗ್ಲ್ಯಾಂಡ್ ಒಳಗೆ ತೂರಿಸಿ ಬಿಟ್ಟರೆ, ಅದು ತಾನೇ ಬಿಚ್ಚಿಕೊಂಡು ಸಾಲಿನಲ್ಲಿ ಕುಳಿತಿತು. ಎರಡನೆಯದನ್ನು ಒಬ್ಬ ಅಕ್ಕನ ಕೈಯಲ್ಲೇ ಹಾಕಿಸಿದರು. ಬೀಡಿ ಕಟ್ಟಿ ಪಳಗಿದ ಬೆರಳು, ಮೊದಲ ಸಲಕ್ಕೇ ಕೂತಿತು. ರಾಡ್ ತುದಿಯ ಮರೆ ಚೂಪಾಗಿರುತ್ತದೆ, ಅದಕ್ಕೆ ಟೇಪ್ ಸುತ್ತಿ ಎಣ್ಣೆ ಹಚ್ಚಿದ ಮೇಲೆಯೇ ಗ್ಲ್ಯಾಂಡ್ ತೂರಿಸಬೇಕು. ಇಲ್ಲದಿದ್ದರೆ ಹೊಸ ಸೀಲ್‌ನ ತುಟಿ ಅಲ್ಲೇ ಕುಯ್ದುಹೋಗುತ್ತದೆ.

ಜೋಡಿಸಿದ ಮೇಲೆ ಟ್ಯಾಂಕ್‌ಗೆ ಮೆಷಿನ್‌ನವರು ಹೇಳಿದ ನಂಬರಿನದೇ ಎಣ್ಣೆ ತುಂಬಿ. ಹಾಳೆ ಇಡದೆ, ಒತ್ತಡ ಕೊಡದೆ, ಅಚ್ಚನ್ನು ನಿಧಾನವಾಗಿ ಹತ್ತು ಸಲ ಪೂರ್ತಿ ಮೇಲೆ ಕೆಳಗೆ ಓಡಿಸಿ. ಒಳಗಿನ ಗಾಳಿ ಹೋಗಬೇಕು, ಅಲ್ಲಿಯವರೆಗೆ ಅಚ್ಚು ತಡೆದು ತಡೆದು ಓಡುತ್ತದೆ. ಮತ್ತೆ ಎಣ್ಣೆಯ ಮಟ್ಟ ನೋಡಿ. ಅಚ್ಚುಗಳನ್ನು ಸೋಪು ನೀರಿನಲ್ಲಿ ಒರೆಸಿ, ಮೊದಲು ಹಾಕಿದ ಹತ್ತಿಪ್ಪತ್ತು ತಟ್ಟೆಗಳನ್ನು ಮಾರಬೇಡಿ. ಆಹಾರದ ಕಾರ್ಖಾನೆಗಳಿಗೆಂದೇ ಬೇರೆ ಹೈಡ್ರಾಲಿಕ್ ಎಣ್ಣೆ ಸಿಗುತ್ತದೆ, ಅಕಸ್ಮಾತ್ ತುಸು ತಾಗಿದರೂ ಅಪಾಯ ಕಡಿಮೆ. ಬೆಲೆ ಹೆಚ್ಚಿದ್ದರೂ ವಿಚಾರಿಸಿ ನೋಡಬಹುದು. ತೆಗೆದ ಹಳೆ ಎಣ್ಣೆಯನ್ನು ತೋಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿಸಿಟ್ಟು ಹಳೆ ಎಣ್ಣೆ ಪಡೆಯುವ ಪರವಾನಗಿ ಇದ್ದವರಿಗೆ ಕೊಡಿ.

ಆ ಸಂಘದವರು ಈಗ ಠರಾವು ಪುಸ್ತಕದ ಪಕ್ಕದಲ್ಲೇ ಮೆಷಿನ್ ಪುಸ್ತಕ ಇಟ್ಟಿದ್ದಾರೆ. ಸೀಲ್ ಹಾಕಿದ ತಾರೀಕು, ಅಳತೆ, ಎಣ್ಣೆ ತುಂಬಿದ ದಿನ, ಶೀಟ್ ನೋಡಿದ ದಿನ. ದಿನಾ ಕೆಲಸ ಮುಗಿದ ಮೇಲೆ ರಾಡ್ ಒರೆಸುವ ಸರದಿಯೂ ಅದರಲ್ಲಿದೆ. ತಟ್ಟೆಗೆ ಐದು ಪೈಸೆಯಂತೆ ರಿಪೇರಿ ನಿಧಿಗೆ ತೆಗೆದಿಡುತ್ತಾರೆ, ಇಪ್ಪತ್ತು ಸಾವಿರ ತಟ್ಟೆಗೆ ಸಾವಿರ ರೂಪಾಯಿ ಆಗುತ್ತದೆ. ಒಂದು ಸೀಲ್ ಕಿಟ್ ಮೊದಲೇ ತಂದು, ಬಿಸಿಲು ಬೀಳದ ಕಪಾಟಿನಲ್ಲಿ ಮಡಚದೆ ಇಟ್ಟಿದ್ದಾರೆ. ಮದುವೆಯ ಆರ್ಡರ್ ಆ ಸಲ ಎರಡು ದಿನ ತಡವಾಗಿ, ಮದುವೆಯ ಹಿಂದಿನ ಸಂಜೆ ತಲುಪಿತು. ಮದುವೆ ಮನೆಯ ಯಜಮಾನರಿಗೆ ಮೊದಲೇ ಫೋನ್ ಮಾಡಿ ಕಾರಣ ಹೇಳಿದ್ದರಿಂದ ಅವರು ಸ್ವಲ್ಪ ಗೊಣಗಿ ಒಪ್ಪಿಕೊಂಡರು.